ವಿಳಂಬ ಮೀಮಾಂಸೆ

ಐರೋಪ್ಯ ಒಕ್ಕೂಟದ 2004ರ 261ನೇ ನಿಯಮಾವಳಿಯನ್ನು ಕಾನೂನು ಬಲ್ಲವರು ಗ್ರಾಹಕರ ಹಕ್ಕಿನ ದಾಖಲೆ ಎಂದು ಓದುತ್ತ ಬಂದಿದ್ದಾರೆ. ಇದು ಪಾಮರ ದೃಷ್ಟಿ. 2005ರ ಫೆಬ್ರುವರಿ 17ರಂದು ಜಾರಿಗೆ ಬಂದ ಈ ಗ್ರಂಥ, ವೇದದ ಯಾಗವಿಧಿಗಳನ್ನು ವಿಚಾರಿಸುವ ಪೂರ್ವಮೀಮಾಂಸೆಗೆ ಸೇರಿದ್ದು. ವಿಮಾನ ತಡವಾದದ್ದಕ್ಕೆ ಪರಿಹಾರ ಕೇಳುವುದು ವ್ಯಾಜ್ಯವಲ್ಲ, ಫಲ ಬಯಸಿ ಮಾಡುವ ಕಾಮ್ಯ ಯಾಗ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಮೊದಲ ಪ್ರಮಾಣ ಕರ್ತೃತ್ವದಲ್ಲೇ ಇದೆ. ಆಯೋಗ ಕರಡು ಬರೆಯಿತು, ಸಂಸತ್ತು ತಿದ್ದಿತು, ಸಚಿವರ ಪರಿಷತ್ತು ಮತ್ತೆ ತಿದ್ದಿತು. ಈ ವಾಕ್ಯ ನನ್ನದೆಂದು ಎದೆ ತಟ್ಟಿ ಹೇಳುವ ಒಬ್ಬ ನರಮನುಷ್ಯನೂ ಇಲ್ಲ. ಆದ್ದರಿಂದ ಅಪೌರುಷೇಯ. ಜೈಮಿನಿಯ ಸೂತ್ರಗಳಿಗೆ ಶಬರಸ್ವಾಮಿ ಒದಗಿದ ಹಾಗೆ ಇದಕ್ಕೆ ಭಾಷ್ಯ ಬರೆಯಲು ಲಕ್ಸೆಂಬರ್ಗ್‌ನಲ್ಲಿ ಒಕ್ಕೂಟದ ನ್ಯಾಯಾಲಯ ಕುಳಿತಿದೆ. ಇನ್ನು ಫಲ. 1,500 ಕಿಲೋಮೀಟರ್ ಒಳಗಿನ ಪಯಣಕ್ಕೆ 250 ಯೂರೊ, ನಡುದೂರಕ್ಕೆ 400, ಒಕ್ಕೂಟದ ಆಚೆಗೆ 3,500 ಕಿಲೋಮೀಟರ್ ದಾಟಿದರೆ 600. ಟಿಕೆಟ್ಟಿಗೆ ಎಷ್ಟು ತೆತ್ತಿರಿ ಎಂದು ಯಾರೂ ಕೇಳುವುದಿಲ್ಲ. 40 ಯೂರೊ ಕೊಟ್ಟು ಹತ್ತಿದವನಿಗೂ ಅದೇ 250. ತೆತ್ತ ಬೆಲೆಗೂ ಪಡೆವ ಫಲಕ್ಕೂ ಸಂಬಂಧವಿಲ್ಲದಂಥ ವ್ಯವಹಾರ ಅಂಗಡಿಯಲ್ಲಿ ಕಾಣಸಿಗದು, ಯಾಗಶಾಲೆಯಲ್ಲಿ ಮಾತ್ರ ಸಿಕ್ಕೀತು.

ಮೀಮಾಂಸಕರು ವೇದವಾಕ್ಯಗಳಲ್ಲಿ ವಿಧಿಯನ್ನೂ ಅರ್ಥವಾದವನ್ನೂ ಬೇರ್ಪಡಿಸುತ್ತಾರೆ. ಮಾಡು ಎನ್ನುವುದು ವಿಧಿ. ಮಾಡುವವನಿಗೆ ಹುರುಪು ತುಂಬಲು ಸುತ್ತಮುತ್ತ ಹೇಳಿದ್ದೆಲ್ಲ ಅರ್ಥವಾದ. ನಿಯಮಾವಳಿಯ 5ನೇ ವಿಧಿಯು ‘ಅಸಾಧಾರಣ ಸಂದರ್ಭ’ದಲ್ಲಿ ಕಂಪನಿ ದುಡ್ಡು ಕೊಡಬೇಕಿಲ್ಲ ಎನ್ನುತ್ತದೆ, ಅಸಾಧಾರಣ ಎಂದರೇನು ಎನ್ನುವಲ್ಲಿ ಬಾಯಿ ಹೊಲಿದುಕೊಳ್ಳುತ್ತದೆ. ಹವಾಮಾನ, ಮುಷ್ಕರ, ರಾಜಕೀಯ ಅಸ್ಥಿರತೆ ಎಂಬ ಪಟ್ಟಿ ಇರುವುದು ಪೀಠಿಕೆಯ 14ನೇ ಕಂಡಿಕೆಯಲ್ಲಿ. ಪೀಠಿಕೆ ಬರೀ ಅರ್ಥವಾದ ಎಂಬ ಪ್ರಾಥಮಿಕ ಪಾಠ ಕಲಿಯದ ಕಂಪನಿಗಳು ಕೆಟ್ಟ ಎಂಜಿನ್ನನ್ನೂ ಅದರಲ್ಲಿ ತೂರಿಸಲು ಹೋದವು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸಂಗತಿ ಅಸಾಧಾರಣವಾಗದು, ಯಂತ್ರ ಕೆಡುವುದು ವಿಮಾನ ನಡೆಸುವವರ ದಿನದ ಪಾಡು ಎಂದು 2008ರಲ್ಲಿ ಭಾಷ್ಯವಾಯಿತು. ಮರುವರ್ಷ ಅದಕ್ಕಿಂತ ದೊಡ್ಡ ಪವಾಡ. ಮೂಲಪಾಠ ಫಲ ಹೇಳಿದ್ದು ರದ್ದಾದ ವಿಮಾನಕ್ಕೆ. ತಡವಾದದ್ದಕ್ಕೆ ಊಟ, ಉಪಚಾರದಂಥ ನೆರವು ಅಷ್ಟೇ. ನ್ಯಾಯಾಲಯ ರದ್ದತಿಯನ್ನು ಮಾದರಿಯಾದ ಪ್ರಕೃತಿಯಾಗವೆಂದೂ ವಿಳಂಬವನ್ನು ಅದನ್ನು ಅನುಸರಿಸುವ ವಿಕೃತಿಯಾಗವೆಂದೂ ಇಟ್ಟುಕೊಂಡು, ಅಲ್ಲಿಯ ಫಲವನ್ನು ಇಲ್ಲಿಗೆ ಎಳೆದು ತಂದಿತು: ಮೂರು ಗಂಟೆ ಅಥವಾ ಹೆಚ್ಚು ತಡವಾಗಿ ಮುಟ್ಟಿದವನೂ ಫಲಭಾಗಿ. ಶಾಸ್ತ್ರದಲ್ಲಿ ಇದಕ್ಕೆ ಅತಿದೇಶ ಎಂದು ಹೆಸರು. ತೀರ್ಪಿನಲ್ಲಿ ಆ ಪದ ಇಲ್ಲವಲ್ಲ ಎಂದು ಆಕ್ಷೇಪಿಸುವವರು, ಮೂರು ಗಂಟೆ ಎಂಬ ಪರಿಹಾರದ ಗಡಿ ಮೂಲದಲ್ಲಿ ಇಲ್ಲದಿರುವುದನ್ನು ಮೊದಲು ವಿವರಿಸಲಿ. ಕಂಪನಿಗಳು ಇದೇ ತಗಾದೆ ಹೊತ್ತು ಮತ್ತೆ ಹೋದವು. 2012ರಲ್ಲಿ ಅದೇ ಉತ್ತರ ಹೊತ್ತು ವಾಪಸ್ಸಾದವು.

ಈ ದರ್ಶನದ ಸೊಬಗೆಲ್ಲ ಅಸಾಧಾರಣದ ನಿರ್ಣಯದಲ್ಲಿದೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧವುಂಟೇ ಎಂಬ ನಮ್ಮ ಹಳೆಯ ಪ್ರಶ್ನೆ 2017ರಲ್ಲಿ, ವಿಮಾನಕ್ಕೆ ಹಕ್ಕಿ ಬಡಿದ ಪ್ರಕರಣದಲ್ಲಿ ಇತ್ಯರ್ಥವಾಯಿತು: ಉಂಟು, ಹಕ್ಕಿ ಅಸಾಧಾರಣ. ಆದರೆ ಅಧಿಕಾರವುಳ್ಳ ಒಬ್ಬ ತಜ್ಞ ನೋಡಿ ಸರಿಯಿದೆ ಎಂದ ಮೇಲೂ ಇನ್ನೊಬ್ಬನನ್ನು ಕರೆಸಿ ಕಳೆದ ಹೊತ್ತನ್ನು ಹಕ್ಕಿಯ ಲೆಕ್ಕಕ್ಕೆ ಬರೆಯುವಂತಿಲ್ಲ. ರನ್‌ವೇ ಮೇಲೆ ಬಿದ್ದು ಟೈರಿಗೆ ಚುಚ್ಚಿದ ಸ್ಕ್ರೂ ಅಸಾಧಾರಣ (2019). ನಿಂತ ವಿಮಾನಕ್ಕೆ ಗುದ್ದಿದ ಮೆಟ್ಟಿಲುಗಾಡಿ ಸಾಧಾರಣ (2014). ಸಹಪ್ರಯಾಣಿಕರನ್ನು ಕಚ್ಚಿದ ಪ್ರಯಾಣಿಕ ಅಸಾಧಾರಣ (2020), ಅವನ ರಂಪ ಹತ್ತುವಾಗಲೇ ಶುರುವಾಗಿರದಿದ್ದರೆ. ಹೊರಡುವ ಮುನ್ನ ಸಹಪೈಲಟ್ ಹಠಾತ್ತನೆ ತೀರಿಕೊಂಡರೆ? ಸಾಧಾರಣ (2023), ನೌಕರರು ಕಾಯಿಲೆ ಬೀಳುವುದು, ಸಾಯುವುದು ಕಂಪನಿ ಮೊದಲೇ ಎಣಿಸಬೇಕಾದ ಸಂಗತಿ. ಸ್ಕ್ರೂ ಅಸಾಧಾರಣ, ಸಾವು ಸಾಧಾರಣ! ಉಪನಿಷತ್ತುಗಳು ತಡಕಾಡಿದ ಜಾಗವನ್ನು ಲಕ್ಸೆಂಬರ್ಗ್ ಕೆಲವು ನೂರು ಯೂರೊ ನೆಪದಲ್ಲಿ ಮುಟ್ಟಿತೆಂದರೆ ಉತ್ಪ್ರೇಕ್ಷೆಯಾಗದು. ಐಸ್‌ಲ್ಯಾಂಡಿನ ಜ್ವಾಲಾಮುಖಿ 2010ರಲ್ಲಿ ಬೂದಿ ಉಗುಳಿದಾಗ ಕಂಪನಿಯೊಂದು, ಇದು ಅಸಾಧಾರಣವನ್ನೂ ಮೀರಿದ್ದು, ಆದ್ದರಿಂದ ಊಟ, ವಸತಿಯನ್ನೂ ಕೊಡೆವು ಎಂದು ವಾದಿಸಿತು. ಅಸಾಧಾರಣದ ಮೇಲೆ ಇನ್ನೊಂದು ಅಟ್ಟವಿಲ್ಲ, ಅನ್ನ ಹಾಕಿ ಎಂದು ಮೂರು ವರ್ಷದ ಮೇಲೆ ಉತ್ತರ ಬಂತು. ಹೀಗೆ ಕಂಪನಿಗಳಿಗೆ, ಕುಣಿಯಲಾರದವಳು ನೆಲ ಡೊಂಕು ಅನ್ನುವ ಅವಕಾಶವನ್ನು ಶಾಸ್ತ್ರ ಕಿತ್ತುಕೊಂಡಿಲ್ಲ. ಡೊಂಕನ್ನು ಅಳೆದು ತೋರಿಸು ಎಂದಿದೆ, ಅಷ್ಟೇ.

ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾದರೂ ಹಣ ಬರುವುದಿಲ್ಲ, ಇದೆಂಥ ಯಾಗ ಎಂದು ಪೂರ್ವಪಕ್ಷಿ ಕೇಳಬಹುದು. ಪಾಪ, ಈ ಆಕ್ಷೇಪ ಶಬರನಷ್ಟೇ ಹಳೆಯದು. ದನಕರುಗಳಿಗಾಗಿ ಚಿತ್ರಾ ಯಾಗ ಮಾಡಿದವನ ಕೊಟ್ಟಿಗೆ ಮರುದಿನವೂ ಖಾಲಿಯೇ ಇತ್ತಲ್ಲ ಎಂದು ಆಗಲೇ ಕೇಳಿದ್ದರು. ಕ್ರಿಯೆ ಮುಗಿದರೂ ಅದರಿಂದ ಹುಟ್ಟಿದ ‘ಅಪೂರ್ವ’ವೆಂಬ ಕಾಣದ ಶಕ್ತಿ ಫಲ ಕೊಡುವವರೆಗೆ ಸುಮ್ಮನೆ ಕೂತಿರುತ್ತದೆ ಎಂಬುದು ಸಿದ್ಧಾಂತ. ‘ನಿಮ್ಮ ಮನವಿ ಪರಿಶೀಲನೆಯಲ್ಲಿದೆ’ ಎಂಬ ಈಮೇಲು ಈ ಅಪೂರ್ವದ ಏಕೈಕ ದೃಶ್ಯರೂಪ. ಅಪೂರ್ವದ ಆಯುಸ್ಸು, ಎಂದರೆ ದಾವೆ ಹೂಡಲು ಇರುವ ಗಡುವು, ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ ಮೂರು ವರ್ಷ, ಅದೇ ನಿಯಮವನ್ನು ಒಕ್ಕೂಟ ಬಿಟ್ಟ ಮೇಲೂ ಉಳಿಸಿಕೊಂಡ ಇಂಗ್ಲೆಂಡಿನಲ್ಲಿ ಆರು. ಕಾಯಲಾರದ ಯಜಮಾನನಿಗೆ ಋತ್ವಿಜರಿದ್ದಾರೆ. ಪರಿಹಾರ ವಸೂಲಿ ಮಾಡಿಕೊಡುವ ಸಂಸ್ಥೆಗಳು ಅರ್ಜಿ ಹಿಡಿದು ಹೋರಾಡಿ, ಬಂದದ್ದರಲ್ಲಿ ಕಾಲುಭಾಗವೋ ಇನ್ನೂ ಹೆಚ್ಚೋ ಮುರಿದುಕೊಂಡು ಮಿಕ್ಕದ್ದನ್ನು ಕೊಡುತ್ತವೆ. ದಕ್ಷಿಣೆಯಿಲ್ಲದ ಯಾಗ ಎಲ್ಲಿ ಪೂರ್ಣವಾಗಿದೆ?

ಅಧಿಕಾರಿ ಯಾರು ಎಂಬುದನ್ನೂ ನೋಡಬೇಕು. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಜರ್ಮನ್ ಕಂಪನಿಯ ವಿಮಾನ ಹತ್ತಿದವನಿಗೆ ಯಾಗಾಧಿಕಾರವಿದೆ. ದುಬೈ ಕಂಪನಿಯ ವಿಮಾನದಲ್ಲಿ ಅದೇ ಊರಿಗೆ ಹೊರಟವನಿಗಿಲ್ಲ. ಆದರೆ ಅವನೇ ಅದೇ ಕಂಪನಿಯಲ್ಲಿ ಫ್ರಾಂಕ್‌ಫರ್ಟಿನಿಂದ ಒಂದೇ ಟಿಕೆಟ್ಟಿನಲ್ಲಿ ಮರಳುವಾಗ ದುಬೈಯಲ್ಲಿ ಸಿಕ್ಕಿಕೊಂಡರೂ ಅಧಿಕಾರಿ, ಏಕೆಂದರೆ ಪಯಣ ಹುಟ್ಟಿದ್ದು ಪುಣ್ಯಭೂಮಿಯಲ್ಲಿ. ಭಾರತದೊಳಗೆ ಹಾರುವವರು ಬೇರೆ ಶಾಖೆಯವರು. ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಕಲ್ಪಸೂತ್ರದಂತೆ ಬರೀ ತಡಕ್ಕೆ ನಗದು ಫಲವಿಲ್ಲ. ತಿಂಡಿ, ಊಟ, ಆರು ಗಂಟೆ ಮೀರಿದರೆ ಬದಲಿ ವಿಮಾನ ಇಲ್ಲವೇ ಟಿಕೆಟ್ ಹಣ ವಾಪಸು. ಸಕಾಲಕ್ಕೆ ತಿಳಿಸದೆ, ಬದಲಿ ಏರ್ಪಾಡೂ ಮಾಡದೆ ರದ್ದು ಮಾಡಿದರೆ ಹಾರಾಟದ ಅವಧಿ ನೋಡಿ 5,000, 7,500 ಅಥವಾ 10,000 ರೂಪಾಯಿ, ಇಲ್ಲವೇ ಮೂಲದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ‘ಯಾವುದು ಕಡಿಮೆಯೋ ಅದು’. ಐರೋಪ್ಯರು ಸಂಪುಟಗಟ್ಟಲೆ ಭಾಷ್ಯ ಬರೆದದ್ದನ್ನು ನಮ್ಮವರು ಮೂರು ಪದಗಳಲ್ಲಿ ಮುಗಿಸಿದರು. ಸೂತ್ರಶೈಲಿ ನಮ್ಮ ನೆಲದ್ದೇ ತಾನೆ.

ಕೊನೆಯದಾಗಿ ಮುಹೂರ್ತ. ವಿಮಾನ ಮುಟ್ಟಿತು ಎನ್ನುವುದು ಯಾವಾಗ? ಸಾಲ್ಸ್‌ಬುರ್ಗ್‌ನಿಂದ ಕಲೋನ್‌ಗೆ ಬಂದ ಜರ್ಮನ್‌ವಿಂಗ್ಸ್ ವಿಮಾನದ ಚಕ್ರ ನೆಲ ಸೋಕಿದಾಗ ತಡವಾಗಿದ್ದದ್ದು 2 ಗಂಟೆ 58 ನಿಮಿಷ. ನಿಲ್ದಾಣದ ತನ್ನ ಜಾಗಕ್ಕೆ ಬಂದು ನಿಂತಾಗ 3 ಗಂಟೆ 3 ನಿಮಿಷ. ಇಳಿಯಲು ಒಂದಾದರೂ ಬಾಗಿಲು ತೆರೆದ ಕ್ಷಣವೇ ಆಗಮನ ಎಂದು 2014ರಲ್ಲಿ ತೀರ್ಮಾನವಾಯಿತು. ಅಂದಿನಿಂದ ವಿಮಾನದಲ್ಲಿ ಶಾಸ್ತ್ರಜ್ಞನನ್ನು ಗುರುತಿಸುವುದು ಸುಲಭ. ಚಕ್ರ ನೆಲ ಸೋಕಿದ್ದೇ ತಡ ಎಲ್ಲರೂ ಧಡಬಡಿಸಿ ಎದ್ದು ಮೇಲಿನ ಚೀಲಕ್ಕೆ ಕೈ ಹಾಕುವಾಗ, ಅವನೊಬ್ಬ ಬೆಲ್ಟ್ ಕಟ್ಟಿಕೊಂಡೇ ಗಡಿಯಾರ ನೋಡುತ್ತ, ಬಾಗಿಲ ಚಿಲಕ ಇನ್ನೆರಡು ನಿಮಿಷ ಗಟ್ಟಿಯಾಗಿ ಕೂರಲಿ ಎಂದು ಜಪಿಸುತ್ತಿರುತ್ತಾನೆ.