ಜಾಣ್ಮೆಯ ವಿಳಾಸ

ಬಸವನಗುಡಿಯ ಕ್ಲಬ್ಬಿನಲ್ಲಿ ಹದಿಮೂರು ಎಲೆ ಹಿಡಿದು ಕೂತ ನಿವೃತ್ತ ರಾಯರು ಜೂಜಾಡುತ್ತಿಲ್ಲ, ಬುದ್ಧಿಗೆ ಸಾಣೆ ಹಿಡಿಯುತ್ತಿದ್ದಾರೆ. ನಾನು ಹೇಳಿದ್ದಲ್ಲ, 1967ರಲ್ಲಿ ಸುಪ್ರೀಂ ಕೋರ್ಟೇ ಹೇಳಿದ್ದು: ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಆದ್ದರಿಂದ ಅದು ಜಾಣ್ಮೆಯ ಆಟ. ಬೆಳಿಗ್ಗೆ ಕನ್ನಡಕ ಎಲ್ಲಿಟ್ಟೆನೆಂದು ಮನೆಮಂದಿಯನ್ನೆಲ್ಲ ಎಬ್ಬಿಸುವ ರಾಯರಿಗೆ ಸಂಜೆಯಾದರೆ ಈ ನೆನಪಿನ ಶಕ್ತಿ ಎಲ್ಲಿಂದ ಬರುತ್ತದೋ, ನ್ಯಾಯಪೀಠಕ್ಕೇ ಗೊತ್ತು.

ಅದೇ ಹೊತ್ತಿಗೆ ಚಾಮರಾಜಪೇಟೆಯಲ್ಲಿ ಲಾರಿ ಮರೆಗೆ ಟವೆಲ್ ಹಾಸಿ ಅಂದರ್-ಬಾಹರ್ ಆಡುವ ಹಮಾಲಿಗಳು ಮಾತ್ರ ಅಪ್ಪಟ ಜೂಜುಕೋರರು. ಅವರಿಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 87. ಮಾರನೆಯ ದಿನ ಪತ್ರಿಕೆಯಲ್ಲಿ ‘ಜೂಜು ಅಡ್ಡೆ ಮೇಲೆ ದಾಳಿ’. ವಶಪಡಿಸಿಕೊಂಡದ್ದು ಐವತ್ತೆರಡು ಎಲೆ, ಒಂದು ಟವೆಲ್, ಆ ದಿನದ ಕೂಲಿ.

‘ಅದೂ ಇಸ್ಪೀಟು, ಇದೂ ಇಸ್ಪೀಟು ಅಲ್ವೇ ಸಾರ್?’ ಎಂದೆ.

‘ಏನ್ರೀ ನೀವು! ಅದು ಬರೀ ಅದೃಷ್ಟ. ನಮ್ಮದು ಮೆದುಳಿನ ಕೆಲಸ,’ ಎಂದರು ರಾಯರು, ಆಗಷ್ಟೇ ಫುಲ್ ಕೌಂಟ್ ಕೊಟ್ಟು ಎದ್ದು ಬಂದವರು.

ರೇಸ್ ಕೋರ್ಸ್ ರಸ್ತೆಗೆ ಬಂದರೆ ಜಾಣ್ಮೆಗೆ ನಾಲ್ಕು ಕಾಲು. ಕುದುರೆ ರೇಸೂ ಜಾಣ್ಮೆಯದೇ ಎಂದು 1996ರಲ್ಲಿ ತೀರ್ಪಾಯಿತು. ಕುದುರೆಯ ಜಾಣ್ಮೆ ಸರಿ, ಜಾಕಿಯದೂ ಸರಿ. ಟಿಕೆಟ್ ಹಿಡಿದು ಕಟಕಟೆಯಾಚೆ ಕಿರುಚುವವನದು? ಅವನದೂ ಜಾಣ್ಮೆಯೇ. ನಮ್ಮ ಪೊಲೀಸ್ ಕಾಯ್ದೆ ಇದನ್ನು ಮೊದಲೇ ಕಂಡುಕೊಂಡಿತ್ತು. ರೇಸಿನ ದಿನ, ಸರ್ಕಾರ ಒಪ್ಪಿದ ಆವರಣದೊಳಗೆ ಬಾಜಿ ಕಟ್ಟಿದರೆ ಜೂಜಲ್ಲ. ಅದೇ ಕುದುರೆಗೆ ಬೇಲಿಯಾಚೆ ಕಟ್ಟಿದರೆ ಜೂಜು. ಕುದುರೆಗೆ ಕಾನೂನು ತಿಳಿಯದು, ಇಬ್ಬರಿಗೂ ಒಂದೇ ವೇಗದಲ್ಲಿ ಓಡುತ್ತದೆ. 2024ರ ಜೂನ್‌ನಲ್ಲಿ ಸರ್ಕಾರ ಟರ್ಫ್ ಕ್ಲಬ್ಬಿಗೆ ಲೈಸೆನ್ಸ್ ಕೊಡಲಿಲ್ಲ. ಹೈಕೋರ್ಟಿನ ಏಕಸದಸ್ಯ ಪೀಠ ಓಡಿಸಿ ಎಂದಿತು. ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ಲಗಾಮು ಎಳೆಯಿತು. ಆ ತಿಂಗಳು ಕುದುರೆಗಿಂತ ಹೆಚ್ಚು ಓಡಿದ್ದು ವಕೀಲರು.

ಅದೇ ಕಾಯ್ದೆಯ ವ್ಯಾಖ್ಯೆಯಲ್ಲಿ ಲಾಟರಿಯೂ ಜೂಜಲ್ಲ. ಹಾಗಾಗಿ ಸರ್ಕಾರ ವರ್ಷಗಟ್ಟಲೆ ತಾನೇ ಟಿಕೆಟ್ ಮಾರಿತು. ಬಡವರ ಮನೆ ಹಾಳಾಗುತ್ತಿರುವುದು ಅದರ ಕಣ್ಣಿಗೆ ಬಿದ್ದದ್ದು 2007ರಲ್ಲಿ.

2021ರ ಅಕ್ಟೋಬರ್‌ನಲ್ಲಿ ಸರ್ಕಾರಕ್ಕೆ ಮೊಬೈಲ್ ಮೇಲೆ ಕೋಪ ಬಂತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಜಾಣ್ಮೆಯದಾದರೂ ಅಪರಾಧ ಎಂದು ತಿದ್ದುಪಡಿ ಬಂತು. ಕುದುರೆಯನ್ನು ಮಾತ್ರ ಮುಟ್ಟಲಿಲ್ಲ. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಎಲೆಗಳನ್ನು ಕಲಸಿ ಕೆಳಗಿಟ್ಟಿತು.

ಕೀನ್ಯಾದವರಿಗೆ ಇಷ್ಟು ಸಂಕೋಚವಿಲ್ಲ. 1966ರಲ್ಲೇ ಕಾಯ್ದೆ ಮಾಡಿ, ಜೂಜನ್ನು ಜೂಜೆಂದೇ ಕರೆದು, ಮಂಡಳಿ ಕೂರಿಸಿ ಲೈಸೆನ್ಸ್ ಕೊಟ್ಟರು. 2019ರಲ್ಲಿ ತೆರಿಗೆ ಜಗಳವಾದಾಗ ಬೆಟ್ಟಿಂಗ್ ಕಂಪನಿಗಳ ಲೈಸೆನ್ಸ್ ತಡೆದರು. ನಾವು ಸಂಸ್ಕಾರವಂತರು, ಹಣ ಎಣಿಸುವಾಗಲೂ ಮುಖ ಆಚೆ ತಿರುಗಿಸುತ್ತೇವೆ.

2025ರ ಆಗಸ್ಟ್ 22ರಂದು ಆನ್‌ಲೈನ್ ಹಣದಾಟವನ್ನು ದೇಶದಾದ್ಯಂತ ನಿಷೇಧಿಸುವ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಸೆಪ್ಟೆಂಬರ್ 22ರಿಂದ ಲಾಟರಿ, ಕ್ಯಾಸಿನೊ, ರೇಸುಗಳ ಜೊತೆ ಅದೇ ಹಣದಾಟಕ್ಕೂ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿತು. ತೀರಿಕೊಂಡವನ ಮಾಸಿಕದ ದಿನವೇ ಅವನ ಹೆಸರಿಗೆ ಕಂದಾಯದ ನೋಟಿಸು!

ಇಂಥ ಸರ್ಕಾರದ ಕಚೇರಿಗೆ ಶಕುನಿ ಅರ್ಜಿ ಹಾಕಿದ್ದರೆ? ದಾಳ ಅದೃಷ್ಟದ್ದಿರಬಹುದು, ಮಾಮನ ಕೈಯಲ್ಲಿ ಅದೃಷ್ಟಕ್ಕೆ ಕೆಲಸವೇ ಇಲ್ಲ. ಶುದ್ಧ ಜಾಣ್ಮೆ, ಜಾಣ್ಮೆಯ ಆಟಕ್ಕೆಂದೇ ಪೊಲೀಸ್ ಕಾಯ್ದೆಯಲ್ಲಿರುವ ಕಲಂ 176ರ ವಿನಾಯಿತಿ ಗ್ಯಾರಂಟಿ. ಕೇಸು ಬೀಳುವುದು ಧರ್ಮರಾಯನ ಮೇಲೆ, ಆ ಸಭೆಯಲ್ಲಿ ಅದೃಷ್ಟ ನಂಬಿ ಆಡಿದವನು ಅವನೇ ತಾನೆ? ಆಟಕ್ಕೆ ಅಪ್ಪಣೆ ಕೊಟ್ಟ ಧೃತರಾಷ್ಟ್ರ ದ್ರೌಪದಿ ಪಣಕ್ಕೆ ಬಿದ್ದಾಗ ಹಿಗ್ಗು ತಡೆಯಲಾರದೆ, ಗೆದ್ದಾಯಿತೇ ಎಂದು ಮತ್ತೆ ಮತ್ತೆ ಕೇಳಿದನಂತೆ. ಪಾಪ, ಪಣದ ಮೇಲೆಯೇ ಶೇಕಡಾ ನಲವತ್ತು ಎತ್ತಿಟ್ಟುಕೊಳ್ಳುವ ಉಪಾಯ ಅವನಿಗೆ ಹೊಳೆದಿರಲಿಲ್ಲ. ಹೊಳೆದಿದ್ದರೆ, ಗೆದ್ದವರು ಯಾರೆಂದು ಕೇಳುವ ಕಷ್ಟವೂ ಇರುತ್ತಿರಲಿಲ್ಲ.