ಮುಟ್ಟದ ವಾಲ್ವಿನ ಮುನಿಸು

ಹಳೆಯ ಫ್ಲ್ಯಾಟಿನ ಬಚ್ಚಲಲ್ಲಿ ಗೀಸರಿನ ಹಿಂದೆ ಅಡಗಿ ಕೂತ ಗೇಟ್ ವಾಲ್ವ್ ತಿರುಗದಿದ್ದರೆ ಎಲ್ಲರೂ ಅದರ ವಯಸ್ಸನ್ನು ದೂರುತ್ತಾರೆ. ಬಹುಪಾಲು ತಪ್ಪು ಮನೆಯವರ ಸೋಮಾರಿತನದ್ದು. ಅದರದೇ ವಯಸ್ಸಿನ ಅಡುಗೆಮನೆಯ ನಲ್ಲಿ ದಿನವಿಡೀ ತಿರುಗಿಯೂ, ಆಗಾಗ ವಾಷರ್ ಬದಲಿಸಿಕೊಂಡು ಗಟ್ಟಿಮುಟ್ಟಾಗಿರುತ್ತದಲ್ಲ! ಬೆಂಗಳೂರಿನ ಬೋರ್‌ವೆಲ್ ನೀರು ಗಡಸು. ಅದರ ಸುಣ್ಣ ಕದಲದ ತಿರುಪಿನ ಮೇಲೆ ಕಲ್ಲಾಗಿ ಕೂರುತ್ತದೆ. ವರ್ಷಗಟ್ಟಲೆ ಮುಟ್ಟದೆ ಬಿಟ್ಟು, ಆ ಜಾಗವನ್ನು ಸುಣ್ಣದ ಹೆಸರಿಗೆ ಖಾತೆ ಮಾಡಿಕೊಟ್ಟವರು ನಾವೇ.

ಸುಮ್ಮನಿದ್ದದ್ದನ್ನು ಕೆಣಕಿದರೆ ಸೋರುತ್ತದೆ ಎಂಬ ಆಕ್ಷೇಪವಿದೆ. ಸೋರಬಹುದು, ನಿಜ, ಆದರೆ ಹಿಡಿಯ ಬುಡದ ಹನಿ ಸಾಮಾನ್ಯವಾಗಿ ಗ್ಲ್ಯಾಂಡ್ ನಟ್ಟನ್ನು ತುಸು ಬಿಗಿದರೆ ನಿಲ್ಲುತ್ತದೆ. ನಡುರಾತ್ರಿ ಪೈಪ್ ಒಡೆದಾಗ ಮುಚ್ಚದ ವಾಲ್ವಿಗೆ ಅಷ್ಟು ಸುಲಭದ ಮದ್ದಿಲ್ಲ. ಹಾಗೆಂದು ದೊಡ್ಡ ರೆಂಚ್ ಹಾಕಿ ಭೀಮಬಲ ತೋರಿಸಿದರೆ ದಂಡವೇ ಮುರಿದು ಕೈಯಲ್ಲಿ ಹಿಡಿಯಷ್ಟೇ ಉಳಿದೀತು. ಹೊರಗಿನಿಂದ ಎಣ್ಣೆ ಬಿಟ್ಟು, ಕಾದು, ಹಿಂದೆಮುಂದೆ ಕೊಂಚಕೊಂಚವೇ ಆಡಿಸಬೇಕು. ಬಾಲ್ ವಾಲ್ವ್ ಹಾಕಿಸಿದರಾಯಿತು ಎನ್ನುವವರು ಧಾರಾಳವಾಗಿ ಹಾಕಿಸಲಿ, ಕಾಲು ಸುತ್ತಿಗೇ ಮುಚ್ಚುತ್ತದೆ. ಆಡಿಸದೆ ಬಿಟ್ಟರೆ ಅದೂ ಬಿಗಿದುಕೊಳ್ಳುತ್ತದೆ. ಹೇಗೂ ಅದನ್ನು ಹಾಕಿಸಲು ಮೊದಲು ತಾರಸಿಯ ಟ್ಯಾಂಕಿನ ವಾಲ್ವ್ ಮುಚ್ಚಬೇಕು. ಅದಾದರೂ ತಿರುಗುತ್ತದೆಯೇ ಎಂದು ಇವತ್ತೇ ಹತ್ತಿ ನೋಡಿ ಬನ್ನಿ.