ಹುರಿಹದದ ಪಂಡಿತರು

‘ಲಷ್ಕರ್’ ಎಂಬ ಪರ್ಷಿಯನ್ ಮೂಲದ ಪದಕ್ಕೆ ಸೈನ್ಯ, ದಂಡು ಎಂಬ ಅರ್ಥಗಳಿದ್ದರೂ, ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ಇಂದು ಬೆಳಗಾದರೆ ಕವಾಯತು ನಡೆಸುವವರು ಸೈನಿಕರಲ್ಲ, ಕಾಫಿಪುಡಿ ಅಂಗಡಿಯ ಕಟ್ಟೆಗೆ ಮೊಣಕೈಯೂರಿ ನಿಲ್ಲುವ ಹುರಿಹದದ ಪಂಡಿತರು. ಸಾಮಾನ್ಯವಾಗಿ ನಿವೃತ್ತರೂ ಬಟ್ಟೆಚೀಲಧಾರಿಗಳೂ ಆದ ಈ ವರ್ಗದವರು ಕಾಲು ಕಿಲೋ ಪುಡಿ ಕೊಳ್ಳುವಷ್ಟರಲ್ಲಿ, ಉಳಿದ ಗಿರಾಕಿಗಳು 1933ರಲ್ಲಿ ಅಡಿಗಲ್ಲು ಕಂಡ ಸಂತ ಫಿಲೋಮಿನಾ ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿ ಮರಳಬಹುದು.

ಇವರ ಪಾಂಡಿತ್ಯ ಹುಸಿಯೇನಲ್ಲ. ಹಸಿ ಬೀಜವು ಸುಮಾರು 196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಗಿನ ಆವಿಯ ಒತ್ತಡಕ್ಕೆ ಅರಳಿನಂತೆ ಸಿಡಿಯುವುದು ಮೊದಲ ಸಿಡಿತ, 224ರ ಆಸುಪಾಸಿನಲ್ಲಿ ಮತ್ತೊಮ್ಮೆ ಸಣ್ಣಗೆ ಬಿರಿಯುವುದು ಎರಡನೆಯದು. ಮೊದಲನೆಯದರ ಬೆನ್ನಿಗೇ ಇಳಿಸಿದ ಎಳೆಹುರಿಯಲ್ಲಿ, ಅಂದರೆ ಲೈಟ್ ರೋಸ್ಟ್‌ನಲ್ಲಿ, ಹುಳಿಯೂ ಹಣ್ಣಿನ ಪರಿಮಳವೂ ಉಳಿದಿರುತ್ತವೆ, ನಡುವಣ ಹದದಲ್ಲಿ ಸಕ್ಕರೆಯಂಶ ಕಂದಿ ಬೆಲ್ಲದ ಪಾಕದ ಛಾಯೆ ಮೂಡುತ್ತದೆ, ಎರಡನೆಯದನ್ನು ದಾಟಿದ ಕಡುಹುರಿಯಲ್ಲಿ ಹುಳಿ ಅಡಗಿ, ಮೈಮೇಲೆ ಎಣ್ಣೆ ಜಿನುಗಿ, ಕಹಿ ಮುಂದಾಗುತ್ತದೆ. ಒಂದು ಹಣ್ಣಿನಲ್ಲಿ ಎರಡರ ಬದಲು ಒಂದೇ ಆಗಿ ಉರುಟಾಗಿ ಬೆಳೆಯುವ ಪೀಬರಿ ಬೀಜವು ಪೀಪಾಯಿಯಲ್ಲಿ ಚೆನ್ನಾಗಿ ಹೊರಳುವುದೆಂಬುದನ್ನೂ ಇವರು ಬಲ್ಲರು. ಹುರಿದ ಬೇರಿನ ಪುಡಿಯಾದ ಚಿಕೋರಿಯು ಬಣ್ಣವನ್ನೂ ಮಂದವನ್ನೂ ಕೊಡುತ್ತದೆಯೇ ಹೊರತು ಅದರಲ್ಲಿ ಕೆಫೀನ್ ಇಲ್ಲವಾದ್ದರಿಂದ, ಕಾನೂನು ನೂರಕ್ಕೆ 49 ಭಾಗದವರೆಗೆ ಸಮ್ಮತಿಸಿದರೂ ಇವರು 20ರ ಗಡಿ ದಾಟಗೊಡರು.

ಇಂಥ ಪ್ರತಿಯೊಬ್ಬರಿಗೂ ಬೆಂಗಳೂರಿನಲ್ಲಿ ಒಬ್ಬ ಸೋದರಳಿಯ ಇದ್ದೇ ಇರುತ್ತಾನೆ. ಅವನು ಚಿಕ್ಕಮಗಳೂರಿನ ಒಂದೇ ತೋಟದ ಎಳೆಹುರಿ ಬೀಜ ತಂದು, ಹಾಲು ಸಕ್ಕರೆ ಸೋಕಿಸದೆ ಕಾಸಿ, ಕಿತ್ತಳೆಯ ಸುಳಿವನ್ನು ಗಮನಿಸಬೇಕೆಂದು ವಿನಂತಿಸಿದಾಗ, ಪಂಡಿತರು ಒಂದು ಗುಟುಕನ್ನು ಬಾಯೊಳಗೆ ಸುತ್ತಿಸಿ, ‘ಚೆನ್ನಾಗಿದೆ ಕಣಯ್ಯ, ಪಾಪ, ಹುರಿಯೋನಿಗೆ ಸೌದೆ ಸಾಲ್ದೆ ಹೋಯ್ತೇನೋ’ ಎಂದು ಲೋಟ ಕೆಳಗಿಡುತ್ತಾರೆ. ಹಾಲು ಬೆರೆಸುವ ಕಾಫಿಗೆ ಹುಳಿ ಒಗ್ಗದು, ತುಸು ಕಹಿಯೇ ಹಾಲಿನ ಸಿಹಿಯೆದುರು ನಿಲ್ಲಬಲ್ಲದು ಎಂಬ ಅವರ ವಾದದಲ್ಲಿ ಹುರುಳಿಲ್ಲದಿಲ್ಲ.

ಇಷ್ಟೆಲ್ಲ ಬಲ್ಲವರು ಎಡವುವುದು ಕೊನೆಯ ಪರೀಕ್ಷೆಯಲ್ಲಿ. ತೂಗಿ ಕೊಟ್ಟ ಪೊಟ್ಟಣವನ್ನು ಅವರು ಕೆನ್ನೆಗೊತ್ತಿಕೊಂಡು, ಬಿಸಿ ತಾಕಿದರೆ ಮಾತ್ರ ‘ಈಗ ತಾನೇ ಹುರಿದದ್ದು’ ಎಂದು ತೀರ್ಪು ಕೊಡುತ್ತಾರೆ. ಹುರಿದ ಬೀಜವು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತ ಕೆಲವು ದಿನ ವಿರಮಿಸಿದ ಮೇಲೆಯೇ ಅದರ ರುಚಿ ಕೂಡಿಬರುವುದಲ್ಲದೆ, ಆ ಬಿಸಿ ಒಲೆಯದೇ ಅಲ್ಲ, ಬೀಸುವ ಯಂತ್ರದ ತಿಕ್ಕಾಟದ್ದು. ಕಳೆದ ವಾರ ಹುರಿದ ಬೀಜವೂ ಅದರಿಂದ ಬಿಸಿಯಾಗಿಯೇ ಇಳಿಯುತ್ತದೆ. ಇದನ್ನರಿತ ಅಂಗಡಿಯವನು ‘ಹೌದು ಸಾರ್’ ಎಂದಷ್ಟೇ ನುಡಿದು ಮುಂದಿನ ಗಿರಾಕಿಯತ್ತ ತಿರುಗುತ್ತಾನೆ. ಪಂಡಿತರು ಪೊಟ್ಟಣ ಆರುವ ಮುನ್ನ ಡಿಕಾಕ್ಷನ್ ಇಳಿಸಬೇಕೆಂಬ ಆತುರದಲ್ಲಿ, ಎದುರಾದವರ ನಮಸ್ಕಾರಕ್ಕೂ ನಿಲ್ಲದೆ, ಮೊಹಲ್ಲಾದ ಹೆಸರಿಗೊಪ್ಪುವ ದಂಡಿನ ನಡಿಗೆಯಲ್ಲಿ ಮನೆಯತ್ತ ಸಾಗುತ್ತಾರೆ.